ರ್‍ಯಾಂಡಮ್ ವಾಕ್‌ನಿಂದ ಟಾಸೆಪ್‌ವರೆಗೆ: ಕೈಲೆಕ್ಕ, ಕೋಡ್ ಮತ್ತು ಒಂದು ಸಂಶೋಧನಾ ಪ್ರಶ್ನೆ

ರ್‍ಯಾಂಡಮ್ ವಾಕ್ ಎಲ್ಲರಿಗೂ ಗೊತ್ತು. ನಾಣ್ಯ ಹಾರಿಸಿ, ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಇಡಿ, ಮತ್ತೆ ಹಾರಿಸಿ. ಬಿಎಸ್ಸಿ ಪುಸ್ತಕದಲ್ಲಿ ಎರಡು ಪುಟ ಬಂದು ಮುಗಿದು ಹೋಗುತ್ತದೆ. ಆದರೆ ಅದೇ ದಾರಿಯಲ್ಲಿ ಒಂದರ ಬದಲು ಸಾವಿರ ಕಣ ಬಿಟ್ಟು, "ಮುಂದಿನ ಜಾಗ ಖಾಲಿ ಇದ್ದರೆ ಮಾತ್ರ ಹೋಗು" ಅಂತ ಒಂದೇ ಒಂದು ನಿಯಮ ಹಾಕಿ ನೋಡಿ. ಸೀದಾ ಇವತ್ತಿನ ಸಂಶೋಧನೆಯ ನಡುವೆ ಹೋಗಿ ನಿಲ್ಲುತ್ತೀರಿ. ಈ ಬಗೆಯ ಮಾದರಿಗಳಿಗೆ ಇಂಟರ್‍ಯಾಕ್ಟಿಂಗ್ ಪಾರ್ಟಿಕಲ್ ಸಿಸ್ಟಮ್ಸ್ ಎಂದು ಹೆಸರು. ಶೀರ್ಷಿಕೆಯಲ್ಲಿರುವ ಟಾಸೆಪ್ ಅವುಗಳಲ್ಲಿ ಒಂದು. ಒಂದು ಕಣ ಏನು ಮಾಡುತ್ತದೆ ಅನ್ನುವುದು ಪಕ್ಕದ ಕಣದ ಮೇಲೆ ನಿಂತಿರುತ್ತದೆ.

ಈ ಮಾರ್ಗದರ್ಶಿಯ ಕೊನೆಗೆ ಬರುವಷ್ಟರಲ್ಲಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಸಿಮ್ಯುಲೇಶನ್ ಓಡುತ್ತಿರಬೇಕು. ಅದರಲ್ಲಿ ಎರಡು ಕಡೆ ಅಳತೆ ಮಾಡಿದರೆ ಎರಡು ಬೇರೆ ಬೇರೆ ಏರಿಳಿತ ಸಿಗಬೇಕು: ಒಂದು ಸಮಯದ ವರ್ಗಮೂಲದ ಹಾಗೆ ಬೆಳೆಯುವುದು, ಇನ್ನೊಂದು ಘನಮೂಲದ ಹಾಗೆ. ಆಮೇಲೆ ಕೋಡ್‌ನ ಒಂದು ಸಾಲು ಬದಲಾಯಿಸಿ, 2014ರವರೆಗೆ ಯಾರೂ ಸಾಧಿಸಿ ತೋರಿಸದಿದ್ದ ಒಂದು ಪ್ರಶ್ನೆಯನ್ನು ನೀವೇ ಮುಟ್ಟಿ ನೋಡಬಹುದು.

ಬೇಕಾಗುವುದು ಇಷ್ಟು: ಪಿಯುಸಿ ಮಟ್ಟದ ಕ್ರಮಯೋಜನೆ, ವಿಕಲ್ಪ, ಸರಾಸರಿ, ವೇರಿಯನ್ಸ್, ಸ್ವಲ್ಪ ಕಲನಶಾಸ್ತ್ರ, ಪೈಥಾನ್‌ನಲ್ಲಿ ನಮ್‌ಪೈ ಬಳಸಿ ಅರೇ ಮೇಲೆ ಲೆಕ್ಕ ಮಾಡುವ ಅಭ್ಯಾಸ. ಮೊದಲು ಮೆಷರ್ ಥಿಯರಿ (ಸಂಭವನೀಯತೆಗೆ ಕಟ್ಟುನಿಟ್ಟಾದ ಅಡಿಪಾಯ ಹಾಕುವ ಗಣಿತ) ಪೂರ್ತಿ ಓದಿ, ಆಮೇಲೆ ಇಲ್ಲಿಗೆ ಬನ್ನಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಬೇಕು, ಆದರೆ ಯಾಕೆ ಬೇಕು ಅಂತ ಗೊತ್ತಾದಮೇಲೆ ಓದಿದರೆ ತಲೆಗೆ ಹತ್ತುತ್ತದೆ.

ಒಂದನೇ ಹಂತ: ಒಬ್ಬನೇ ನಡೆಯುವವನು

ಸೊನ್ನೆಯಲ್ಲಿ ನಿಂತುಕೊಳ್ಳಿ. ಹೆಡ್ ಬಿದ್ದರೆ +1, ಟೇಲ್ ಬಿದ್ದರೆ −1. ಎನ್ ಹೆಜ್ಜೆ ಆದಮೇಲೆ ಎಲ್ಲಿರುತ್ತೀರಿ? ಸರಾಸರಿ ಸೊನ್ನೆ. ಅದರಿಂದ ಏನೂ ತಿಳಿಯಲ್ಲ. ಎಷ್ಟು ದೂರ ಹೋಗಿರುತ್ತೀರಿ ಅನ್ನುವುದು ಪ್ರಶ್ನೆ.

ದೂರದ ವರ್ಗ ತೆಗೆದುಕೊಳ್ಳಿ. ಈಗಿನ ಜಾಗ ಸ, ಮುಂದಿನ ಹೆಜ್ಜೆ ಹ ಎಂದಿರಲಿ. ಹೊಸ ಜಾಗದ ವರ್ಗ = ಸ² + 2 × ಸ × ಹ + ಹ². ನಡುವಿನ ಪದದ ಸರಾಸರಿ ಸೊನ್ನೆ, ಯಾಕೆಂದರೆ ಎಲ್ಲಿದ್ದೀರಿ ಅನ್ನುವುದಕ್ಕೂ ನಾಣ್ಯ ಹೇಗೆ ಬೀಳುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಹ² ಯಾವಾಗಲೂ 1. ಹಾಗಾಗಿ ಒಂದೊಂದು ಹೆಜ್ಜೆಗೂ ವರ್ಗದ ಸರಾಸರಿ ಸರಿಯಾಗಿ 1 ಹೆಚ್ಚುತ್ತದೆ. ಎನ್ ಹೆಜ್ಜೆಗೆ ಎನ್. ಅಂದರೆ 100 ಹೆಜ್ಜೆ ನಡೆದರೆ ಹೆಚ್ಚುಕಮ್ಮಿ 10ರಷ್ಟು ದೂರ, 10,000 ಹೆಜ್ಜೆಗೆ 100ರಷ್ಟು. ಇದೇ ವರ್ಗಮೂಲದ ನಿಯಮ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮುರಿಯುವುದು ಇದೇ.

ಇನ್ನೊಂದು ಲೆಕ್ಕವನ್ನೂ ಕೈಯಲ್ಲೇ ಮಾಡಿ. 100 ಹೆಜ್ಜೆ ಆದಮೇಲೆ ಸರಿಯಾಗಿ ಸೊನ್ನೆಯಲ್ಲೇ ಇರುವ ಸಂಭವನೀಯತೆ ಎಷ್ಟು? 100ರಲ್ಲಿ 50 ಹೆಡ್ ಆರಿಸುವ ವಿಧಾನಗಳ ಸಂಖ್ಯೆಯನ್ನು 2ರ 100ನೇ ಘಾತದಿಂದ ಭಾಗಿಸಿ. 0.0796 ಬರುತ್ತದೆ, ಸುಮಾರು ಶೇ. 8. ದೊಡ್ಡ ಫ್ಯಾಕ್ಟೋರಿಯಲ್‌ಗಳನ್ನು ಅಂದಾಜು ಮಾಡುವ ಸ್ಟರ್ಲಿಂಗ್ ಸೂತ್ರ ಹಾಕಿದರೆ 1/√(50π), ಅಂದರೆ 0.0798. ಅಂದಾಜು ಎಷ್ಟು ಹತ್ತಿರ ಬಂತು ನೋಡಿ.

ಈಗ ಕೋಡ್. 10,000 ಜನರನ್ನು ತಲಾ 10,000 ಹೆಜ್ಜೆ ನಡೆಸಿ. ಎಲ್ಲ ಹೆಜ್ಜೆಗಳನ್ನೂ ಒಂದೇ ಸಲ ಮೆಮೊರಿಗೆ ತುಂಬಬೇಡಿ, 10 ಕೋಟಿ ಅಂಕಿ ಆಗುತ್ತದೆ. 10,000 ಉದ್ದದ ಒಂದು ಅರೇ ಇಟ್ಟುಕೊಂಡು ಪ್ರತಿ ಹೆಜ್ಜೆಗೂ ಅದಕ್ಕೇ ಕೂಡಿಸುತ್ತಾ ಹೋದರೆ ಸಾಕು. ಕೊನೆಗೆ ಸ್ಟ್ಯಾಂಡರ್ಡ್ ಡಿವಿಯೇಷನ್ ತೆಗೆಯಿರಿ. 100ರ ಆಚೀಚೆ ಒಂದೂವರೆ ಒಳಗೆ ಬಂದರೆ ಸರಿ. 97 ಬಂದರೆ ಅದೃಷ್ಟವನ್ನು ಬೈಯಬೇಡಿ, ಕೋಡ್ ನೋಡಿ.

ಎರಡನೇ ಹಂತ: ವಾಪಸ್ ಬರುತ್ತಾನಾ?

1921ರಲ್ಲಿ ಜಾರ್ಜ್ ಪೋಲ್ಯಾ ತೋರಿಸಿದ್ದು ಇದು: ಗೆರೆಯ ಮೇಲೆ ಮತ್ತು ಚೌಕಳಿ ಬಯಲಲ್ಲಿ ನಡೆಯುವವನು ಹೊರಟ ಜಾಗಕ್ಕೆ ಒಂದಲ್ಲ ಒಂದು ದಿನ ಖಂಡಿತ ಬರುತ್ತಾನೆ. ಮೂರು ಆಯಾಮದಲ್ಲಿ ಹಾಗಲ್ಲ, ಬರುವ ಸಂಭವನೀಯತೆ ಸುಮಾರು 0.34 ಅಷ್ಟೇ.

ಕಾರಣವನ್ನು ನೀವೇ ಹಿಡಿಯಬಹುದು. ಎಷ್ಟು ಸಲ ವಾಪಸ್ ಬರುತ್ತಾನೆ ಅನ್ನುವುದರ ಸರಾಸರಿ ಬೇಕು. ಅದಕ್ಕೆ ಪ್ರತಿ ಸಮಯದಲ್ಲೂ ಸೊನ್ನೆಯಲ್ಲಿರುವ ಸಂಭವನೀಯತೆಯನ್ನು ಕೂಡಿಸುತ್ತಾ ಹೋಗಬೇಕು. ಗೆರೆಯ ಮೇಲೆ 2ಎನ್ ಹೆಜ್ಜೆಗೆ ಅದು 1/√(πಎನ್) ಅಂತ ಮೇಲೆ ನೋಡಿದೆವು. ಕೂಡಿಸಿದರೆ ಅನಂತ. ಎರಡು ಆಯಾಮಕ್ಕೆ ಒಂದು ಚಂದದ ಉಪಾಯ ಇದೆ. ನಾಲ್ಕು ದಿಕ್ಕಿನಲ್ಲಿ ಯಾವ ಕಡೆ ಹೋದರೂ ಎಕ್ಸ್ + ವೈ ಒಂದು ಹೆಜ್ಜೆ ಮೇಲೋ ಕೆಳಗೋ ಹೋಗುತ್ತದೆ, ಎಕ್ಸ್ − ವೈ ಕೂಡ ಹಾಗೇ. ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಸಾಮಾನ್ಯ ರ್‍ಯಾಂಡಮ್ ವಾಕ್‌ಗಳು. ನಾಲ್ಕು ದಿಕ್ಕನ್ನೂ ಬರೆದು ಪರೀಕ್ಷಿಸಿ, ಒಂದು ನಿಮಿಷದ ಕೆಲಸ. ಹಾಗಾಗಿ ಸೊನ್ನೆಗೆ ಬರುವ ಸಂಭವನೀಯತೆ ಮೊದಲಿನದರ ವರ್ಗ: 1/(πಎನ್). ಇದನ್ನು ಕೂಡಿಸಿದರೂ ಅನಂತ, ಆದರೆ ಕೂದಲೆಳೆಯ ಅಂತರದಲ್ಲಿ. ಮೂರು ಆಯಾಮದಲ್ಲಿ ಅದು ಎನ್‌ನ ಒಂದೂವರೆ ಘಾತದ ಹಾಗೆ ಕುಗ್ಗುತ್ತದೆ, ಮೊತ್ತ ಒಂದು ಮಿತಿಯಲ್ಲಿ ನಿಲ್ಲುತ್ತದೆ.

ಇಲ್ಲಿ ಕಂಪ್ಯೂಟರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಚೌಕಳಿಯಲ್ಲಿ 10 ಲಕ್ಷ ಹೆಜ್ಜೆ ನಡೆಸಿ ನೋಡಿ. ಆಗಲೂ ಸುಮಾರು ಐವರಲ್ಲಿ ಒಬ್ಬ ಮನೆಗೆ ಬಂದಿರುವುದಿಲ್ಲ. ಬರದವರ ಪಾಲು ಹೆಜ್ಜೆಗಳ ಲಾಗರಿದಮ್‌ಗೆ ವಿಲೋಮವಾಗಿ ಇಳಿಯುತ್ತದೆ, ಅಂದರೆ ಭಯಂಕರ ನಿಧಾನ. ಬರೀ ಸಿಮ್ಯುಲೇಶನ್ ನೋಡಿ ತೀರ್ಮಾನ ಮಾಡುವವರು "ಶೇ. 80 ಜನ ಬರುತ್ತಾರೆ" ಅಂತ ಬರೆದುಬಿಡಬಹುದು. ಉತ್ತರ 100. ಈ ಕ್ಷೇತ್ರದಲ್ಲಿ ಸಾಧನೆ, ಅಂದರೆ ಪ್ರೂಫ್, ಯಾಕೆ ಬೇಕು ಅಂತ ಕೇಳುವವರಿಗೆ ನಾನು ಮೊದಲು ತೋರಿಸುವ ಉದಾಹರಣೆ ಇದೇ.

ಮೂರನೇ ಹಂತ: ಪ್ರತಿ ಕಣಕ್ಕೂ ಒಂದು ಗಡಿಯಾರ

ಹಲವು ಕಣ ಇದ್ದಾಗ ಯಾರು ಮೊದಲು ಹೆಜ್ಜೆ ಇಡಬೇಕು? ಎಲ್ಲರೂ ಒಟ್ಟಿಗೆ ಅಂದರೆ ಇಬ್ಬರು ಒಂದೇ ಜಾಗಕ್ಕೆ ನುಗ್ಗುವ ತಕರಾರು. ಅದಕ್ಕೇ ಪ್ರತಿ ಕಣಕ್ಕೂ ಒಂದು ಅಲಾರಂ ಕೊಡುತ್ತಾರೆ. ಕಾಯುವ ಸಮಯ ಎಕ್ಸ್‌ಪೊನೆನ್ಷಿಯಲ್, ಸರಾಸರಿ 1. ಅಲಾರಂ ಹೊಡೆದಾಗ ಹೆಜ್ಜೆ, ಮತ್ತೆ ಹೊಸ ಅಲಾರಂ.

ಎಕ್ಸ್‌ಪೊನೆನ್ಷಿಯಲ್ಲೇ ಯಾಕೆ? ಅದಕ್ಕೆ ನೆನಪಿಲ್ಲ. ಇಷ್ಟು ಹೊತ್ತು ಕಾದಿದ್ದೀನಿ, ಇನ್ನೇನು ಹೊಡೆಯುತ್ತದೆ ಅನ್ನುವ ಮಾತು ಅಲ್ಲಿ ನಡೆಯಲ್ಲ. ಎಷ್ಟೇ ಕಾದಿದ್ದರೂ ಉಳಿದ ಕಾಯುವಿಕೆ ಹೊಸದರ ಹಾಗೇ ಇರುತ್ತದೆ. ಇದರಿಂದ ಎರಡು ಲಾಭ. ನೂರು ಅಲಾರಂ ಇದ್ದರೆ ಮುಂದಿನದು ಯಾರದ್ದು ಅನ್ನುವುದು ನೂರರಲ್ಲಿ ಒಂದರ ಸಮಾನ ಅವಕಾಶ. ಮತ್ತು ಅದು ಹೊಡೆಯಲು ಹಿಡಿಯುವ ಸರಾಸರಿ ಸಮಯ 1/100. ಕೋಡ್ ಬರೆಯಲು ಇಷ್ಟೇ ಬೇಕಾಗಿರುವುದು.

ನಾಲ್ಕನೇ ಹಂತ: ಜಾಗ ಇದ್ದರೆ ಮಾತ್ರ ಮುಂದೆ

ಈಗ ಮಾದರಿಗೆ ಬರೋಣ. ಸಾಲಾಗಿ ಮನೆಗಳು. ಒಂದು ಮನೆಯಲ್ಲಿ ಒಂದೇ ಕಣ. ಅಲಾರಂ ಹೊಡೆದಾಗ ಕಣ ಬಲಗಡೆಯ ಮನೆಗೆ ಜಿಗಿಯಲು ನೋಡುತ್ತದೆ. ಖಾಲಿ ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಸುಮ್ನೆ ಅಲ್ಲೇ ಇರುತ್ತದೆ. ಇದರ ಪೂರ್ತಿ ಹೆಸರು ಟೋಟಲಿ ಅಸಿಮೆಟ್ರಿಕ್ ಸಿಂಪಲ್ ಎಕ್ಸ್‌ಕ್ಲೂಷನ್ ಪ್ರೊಸೆಸ್. ಎಲ್ಲರೂ ಟಾಸೆಪ್ ಅನ್ನುತ್ತಾರೆ.

ಇದು ಮೊದಲು ಬಂದದ್ದು ಗಣಿತದವರಿಂದ ಅಲ್ಲ. 1968ರಲ್ಲಿ ಮ್ಯಾಕ್‌ಡೊನಾಲ್ಡ್, ಗಿಬ್ಸ್ ಮತ್ತು ಪಿಪ್ಕಿನ್ ಅವರು ಜೀವಕೋಶದಲ್ಲಿ ಎಂಆರ್‌ಎನ್‌ಎ ಎಳೆಯ ಮೇಲೆ ಸಾಲಾಗಿ ಸಾಗುವ ರೈಬೋಸೋಮ್‌ಗಳಿಗೆ ಈ ಲೆಕ್ಕ ಹಾಕಿದರು. ಮುಂದಿನ ರೈಬೋಸೋಮ್ ಜರುಗದೆ ಹಿಂದಿನದು ಮುಂದೆ ಹೋಗುವ ಹಾಗಿಲ್ಲ. 1970ರಲ್ಲಿ ಫ್ರಾಂಕ್ ಸ್ಪಿಟ್ಜರ್ ಇದನ್ನೂ ಇದರ ಜೊತೆಯ ಮಾದರಿಗಳನ್ನೂ ಸಂಭವನೀಯತೆಯ ಸಿದ್ಧಾಂತಕ್ಕೆ ತಂದರು. 1985ರಲ್ಲಿ ಥಾಮಸ್ ಲಿಗೆಟ್ ಅವರ ಪುಸ್ತಕ ಬಂದಮೇಲೆ ಇದೊಂದು ಪ್ರತ್ಯೇಕ ಕ್ಷೇತ್ರವೇ ಆಯಿತು.

ಕೋಡ್‌ಗೆ ಹೋಗುವ ಮುಂಚೆ ಪೆನ್ನು ತೆಗೆದುಕೊಳ್ಳಿ. ನಾಲ್ಕು ಮನೆಗಳನ್ನು ವೃತ್ತದಲ್ಲಿ ಇಡಿ, ನಾಲ್ಕನೆಯದರ ಮುಂದಿನದು ಒಂದನೆಯದು. ಎರಡು ಕಣ ಹಾಕಿ. ಕಣ ಇದ್ದರೆ 1, ಇಲ್ಲದಿದ್ದರೆ 0 ಅಂತ ಬರೆದರೆ ಒಟ್ಟು ಆರು ಸ್ಥಿತಿಗಳು: 1100, 0110, 0011, 1001, 1010, 0101.

1100 ತೆಗೆದುಕೊಳ್ಳಿ. ಮೊದಲ ಕಣದ ಮುಂದೆ ಜಾಗ ಇಲ್ಲ. ಎರಡನೆಯದು ಮಾತ್ರ ಜಿಗಿಯಬಲ್ಲದು, 1010 ಆಗುತ್ತದೆ. ಹೊರಗೆ ಹೋಗುವ ದಾರಿ ಒಂದು. ಒಳಗೆ ಬರುವ ದಾರಿ? 0101ರಲ್ಲಿ ನಾಲ್ಕನೇ ಮನೆಯ ಕಣ ಒಂದನೆಯದಕ್ಕೆ ಜಿಗಿದರೆ 1100. ಅದೂ ಒಂದು. ಈಗ 1010. ಎರಡು ಕಣಕ್ಕೂ ಮುಂದೆ ಜಾಗ ಇದೆ, ಹೊರದಾರಿ ಎರಡು. ಒಳಬರುವುದು 1100ರಿಂದ ಒಂದು, 0011ರಿಂದ ಒಂದು. ಅದೂ ಎರಡು.

ಇದು ಕಾಕತಾಳೀಯ ಅಲ್ಲ. ವೃತ್ತದಲ್ಲಿ "10" ಅನ್ನುವ ಜೋಡಿ ಎಷ್ಟು ಇರುತ್ತದೋ "01" ಜೋಡಿಯೂ ಅಷ್ಟೇ ಇರಬೇಕು. ಹೊರಹೋಗುವುದು "10" ಇದ್ದ ಕಡೆಯಿಂದ, ಒಳಬಂದಿರುವುದು "01" ಇದ್ದ ಕಡೆಯಿಂದ. ಎರಡೂ ಸಮ ಆದ್ದರಿಂದ ಆರೂ ಸ್ಥಿತಿಗೆ ಸಮಾನ ಸಂಭವನೀಯತೆ ಕೊಟ್ಟರೆ ಅದು ಹಾಗೇ ಉಳಿಯುತ್ತದೆ. ಕಣಗಳು ಸುತ್ತುತ್ತಲೇ ಇರುತ್ತವೆ, ಆದರೆ ಹಂಚಿಕೆ ಬದಲಾಗಲ್ಲ. ಮನೆ ಎಷ್ಟೇ ಇರಲಿ, ಕಣ ಎಷ್ಟೇ ಇರಲಿ, ಈ ವಾದ ಹಾಗೇ ನಡೆಯುತ್ತದೆ. ಲಿಗೆಟ್ ಪುಸ್ತಕದಲ್ಲಿ ಇನ್‌ವೇರಿಯೆಂಟ್ ಮೆಷರ್ (ಹೀಗೆ ಬದಲಾಗದೆ ಉಳಿಯುವ ಹಂಚಿಕೆ) ಅಂತ ಓದಿ ಹೆದರಿದವರು ಈ ಆರು ಸಾಲು ಬರೆದು ಮತ್ತೆ ಓದಲಿ.

ಹರಿವು, ಅಂದರೆ ಒಂದು ಜಾಗವನ್ನು ಒಂದು ಏಕಮಾನ ಸಮಯದಲ್ಲಿ ದಾಟುವ ಕಣಗಳ ಸರಾಸರಿ, ಎಷ್ಟು? ಒಂದನೇ ಮನೆ ತುಂಬಿದ್ದು ಎರಡನೆಯದು ಖಾಲಿ ಇರುವ ಸ್ಥಿತಿಗಳು 1010 ಮತ್ತು 1001. ಆರರಲ್ಲಿ ಎರಡು, 1/3. ಸಾಮಾನ್ಯ ಸೂತ್ರವೂ ಇದೇ ರೀತಿ ಬರುತ್ತದೆ: ಒಂದು ಮನೆ ತುಂಬಿರುವ ಸಂಭವನೀಯತೆಯನ್ನು, ಉಳಿದ ಮನೆಗಳಲ್ಲಿ ಮುಂದಿನದು ಖಾಲಿ ಇರುವ ಸಂಭವನೀಯತೆಯಿಂದ ಗುಣಿಸಿ. 100 ಮನೆ, 50 ಕಣಕ್ಕೆ 50/100 × 50/99 = 0.2525. ವೃತ್ತ ದೊಡ್ಡದಾದಷ್ಟೂ ಇದು ದಟ್ಟಣೆ × (1 − ದಟ್ಟಣೆ) ಕಡೆಗೆ ಹೋಗುತ್ತದೆ. ಅರ್ಧ ತುಂಬಿದಾಗ ಗರಿಷ್ಠ 1/4.

ಐದನೇ ಹಂತ: ವೃತ್ತವನ್ನು ಓಡಿಸುವುದು

100 ಉದ್ದದ ಅರೇಯಲ್ಲಿ 50 ಒಂದು, 50 ಸೊನ್ನೆ ಹಾಕಿ ಕಲಸಿ. ಪ್ರತಿ ಸಲ ಒಂದು ಮನೆಯನ್ನು ರ‍್ಯಾಂಡಮ್ ಆಗಿ ಎತ್ತಿಕೊಳ್ಳಿ (ಅಲಾರಂ ಕಣದ ಬದಲು ಮನೆಗೇ ಕಟ್ಟಿದ ಹಾಗೆ, ಖಾಲಿ ಮನೆಯದು ಹೊಡೆದರೆ ಏನೂ ಆಗಲ್ಲ). ಅಲ್ಲಿ ಕಣ ಇದ್ದು ಮುಂದಿನದು ಖಾಲಿ ಇದ್ದರೆ ಜರುಗಿಸಿ, ಎಣಿಕೆಗೆ ಒಂದು ಸೇರಿಸಿ. ಜರುಗಲಿ ಬಿಡಲಿ, ಸಮಯವನ್ನು 1/100 ಮುಂದೆ ಹಾಕಿ. 10,000 ಸಮಯ ಓಡಿದಮೇಲೆ ಒಟ್ಟು ಜಿಗಿತವನ್ನು 100 × 10,000ದಿಂದ ಭಾಗಿಸಿ. 0.2525 ಹತ್ತಿರ ಬರಬೇಕು.

ಕಲಸಿ ಶುರು ಮಾಡಿದ್ದರಿಂದ ಒಂದು ಅನುಕೂಲ ಇದೆ. ಸಮಾನ ಹಂಚಿಕೆಯೇ ಸ್ಥಿರ ಹಂಚಿಕೆ ಅಂತ ಈಗಷ್ಟೇ ಸಾಧಿಸಿದೆವು. ಹಾಗಾಗಿ ಮೊದಲ ಸ್ವಲ್ಪ ಹೊತ್ತಿನ ಅಳತೆ ಬಿಸಾಡುವ ಅಗತ್ಯವೇ ಇಲ್ಲ.

ತಪ್ಪು ನುಸುಳುವುದು ಎರಡು ಕಡೆ. ಮೊದಲನೆಯದು, ವೇಗವಾಗುತ್ತದೆ ಅಂತ ಎಲ್ಲ ಕಣಗಳನ್ನೂ ಒಟ್ಟಿಗೆ ಜರುಗಿಸುವುದು. ಅದು ಬೇರೆಯೇ ಮಾದರಿ. ಅದರಲ್ಲಿ ಅರ್ಧ ದಟ್ಟಣೆಗೆ ಹರಿವು 1/2ಕ್ಕೆ ಹೋಗುತ್ತದೆ. ಟ್ರಾಫಿಕ್ ಅಧ್ಯಯನ ಮಾಡುವವರಿಗೆ ಅದೂ ಬೇಕು, ಆದರೆ ನಮ್ಮ ಪ್ರಮೇಯ ಅದಕ್ಕೆ ಅನ್ವಯಿಸಲ್ಲ. ಎರಡನೆಯದು, ಎಡದಿಂದ ಬಲಕ್ಕೆ ಸಾಲಾಗಿ ಮನೆಗಳನ್ನು ನೋಡುತ್ತಾ ಹೋಗುವುದು. ಹಾಗೆ ಮಾಡಿದರೆ ಒಂದೇ ಕಣವನ್ನು ನೀವೇ ಕೈ ಹಿಡಿದು ಹತ್ತು ಮನೆ ಮುಂದೆ ಕರೆದುಕೊಂಡು ಹೋಗಿರುತ್ತೀರಿ. ಎರಡು ತಪ್ಪನ್ನೂ 0.2525 ಅನ್ನುವ ಸಂಖ್ಯೆ ತಕ್ಷಣ ಹಿಡಿದುಕೊಡುತ್ತದೆ.

ಆರನೇ ಹಂತ: ಸಿಗ್ನಲ್ ಹಸಿರಾದಾಗ

ವೃತ್ತ ಬಿಟ್ಟು ಉದ್ದ ದಾರಿಗೆ ಬನ್ನಿ. ಸೊನ್ನೆ ಮತ್ತು ಅದರ ಎಡಕ್ಕೆ ಎಲ್ಲ ಮನೆ ಭರ್ತಿ, ಬಲಕ್ಕೆ ಎಲ್ಲ ಖಾಲಿ. ಕೆಂಪು ಸಿಗ್ನಲ್‌ನಲ್ಲಿ ಒತ್ತಿಕೊಂಡು ನಿಂತ ಗಾಡಿಗಳ ಸಾಲು ಅಂದುಕೊಳ್ಳಿ. ಸಮಯ ಸೊನ್ನೆಗೆ ಹಸಿರು ಬಿತ್ತು. ಮುಂದಿನ ಗಾಡಿ ಹೊರಡುತ್ತದೆ. ಹತ್ತನೆಯದಕ್ಕೆ ಹಸಿರು ಆಗಿದ್ದು ಸ್ವಲ್ಪ ಹೊತ್ತು ಗೊತ್ತೇ ಆಗುವುದಿಲ್ಲ, ಅಲ್ವಾ?

ಎಷ್ಟು ಹೊತ್ತು ಅನ್ನುವುದಕ್ಕೂ ಲೆಕ್ಕ ಇದೆ. ಹರಿವು = ದ × (1 − ದ), ಇಲ್ಲಿ ದ ಅಂದರೆ ದಟ್ಟಣೆ. ಇದರ ಡೆರಿವೇಟಿವ್ 1 − 2ದ. ದಟ್ಟಣೆ ದ ಇರುವ ಬಿಂದು ಅಷ್ಟು ವೇಗದಲ್ಲಿ ಸಾಗುತ್ತದೆ. ದಟ್ಟಣೆ 1 ಇರುವ ಅಂಚು −1 ವೇಗದಲ್ಲಿ ಹಿಂದಕ್ಕೆ, ದಟ್ಟಣೆ 0 ಇರುವ ಅಂಚು +1 ವೇಗದಲ್ಲಿ ಮುಂದಕ್ಕೆ, ಅರ್ಧ ದಟ್ಟಣೆ ಸೊನ್ನೆಯಲ್ಲೇ ನಿಂತಿರುತ್ತದೆ. ಹಾಗಾಗಿ ಸಮಯ ಟಿ ಆದಾಗ ದಟ್ಟಣೆಯ ಚಿತ್ರ −ಟಿಯಲ್ಲಿ 1ರಿಂದ ಶುರುವಾಗಿ +ಟಿಯಲ್ಲಿ 0ಗೆ ಇಳಿಯುವ ನೇರ ಗೆರೆ. ಸೊನ್ನೆ ದಾಟಿದ ಕಣಗಳು ಎಷ್ಟು? ಬಲಗಡೆ ಒಂದು ತ್ರಿಕೋನ: ಪಾದ ಟಿ, ಎತ್ತರ 1/2. ವಿಸ್ತೀರ್ಣ ಟಿ/4. ಇದನ್ನು ಪೂರ್ತಿ ಕಟ್ಟುನಿಟ್ಟಾಗಿ 1981ರಲ್ಲಿ ಹರ್ಮನ್ ರೋಸ್ಟ್ ಸಾಧಿಸಿದರು.

ಕಣಗಳ ನಿಯಮದಿಂದ ಈ ರೀತಿ ದೊಡ್ಡ ಅಳತೆಯ ಸಮೀಕರಣ ತೆಗೆಯುವುದಕ್ಕೆ ಹೈಡ್ರೊಡೈನಮಿಕ್ ಲಿಮಿಟ್ ಎನ್ನುತ್ತಾರೆ. ಇದಕ್ಕೆ ಬಲವಾದ ಒಂದು ವಿಧಾನವನ್ನು 1988ರಲ್ಲಿ ಗುವೊ ಮತ್ತು ಪಾಪಾನಿಕೊಲಾವ್ ಜೊತೆ ಸೇರಿ ಕೊಟ್ಟವರು ಎಸ್.ಆರ್.ಎಸ್. ವರದನ್. ಚೆನ್ನೈನಲ್ಲಿ ಹುಟ್ಟಿದವರು, 2007ರ ಏಬಲ್ ಪ್ರಶಸ್ತಿ ಪಡೆದವರು. ಅವರು ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಎಚ್‌ಡಿ ಮಾಡಿದ್ದು ಸಿ.ಆರ್. ರಾವ್ ಅವರ ಬಳಿ. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ.

ಏಳನೇ ಹಂತ: ಎರಡು ಅಳತೆ, ಎರಡು ಘಾತ

ಟಿ/4 ಸರಾಸರಿಯ ಮಾತು. ಓಡಿಸಿದಾಗಲೆಲ್ಲ ಅದರ ಆಚೀಚೆ ಎಷ್ಟು ಅಲುಗಾಡುತ್ತದೆ? ಇದನ್ನು ಅಳೆಯಲು ಮೇಲಿನ ಕೋಡ್ ನಿಧಾನ. ಸಮಯ 8000ದವರೆಗೆ ಓಡಿಸಲು ಸುಮಾರು 17,000 ಮನೆ ಬೇಕು, 13 ಕೋಟಿಗೂ ಜಾಸ್ತಿ ಪ್ರಯತ್ನ. ಅದೂ ಒಂದೇ ಓಟಕ್ಕೆ.

ಇದಕ್ಕಿಂತ ಚೆನ್ನಾಗಿರುವ ದಾರಿ ಇದೆ. ಕಣಗಳ ಜಾಗ ಬಿಟ್ಟು ಅವು ಜಿಗಿದ ಸಮಯಗಳನ್ನು ಬರೆದುಕೊಳ್ಳಿ. ಒಂದು ಕೋಷ್ಟಕ ಮಾಡಿ. ಕಾಲಂ ಅಂದರೆ ಎಷ್ಟನೇ ಕಣ (ಎಲ್ಲರಿಗಿಂತ ಮುಂದಿರುವುದು ಒಂದನೆಯದು), ಸಾಲು ಅಂದರೆ ಅದರ ಎಷ್ಟನೇ ಜಿಗಿತ. ಐದನೇ ಕಣ ಮೂರನೇ ಸಲ ಜಿಗಿಯಬೇಕಾದರೆ ಏನಾಗಿರಬೇಕು? ಅದು ಎರಡು ಸಲ ಜಿಗಿದು ಮುಗಿಸಿರಬೇಕು. ಮತ್ತು ಮುಂದಿನ ಮನೆ ಖಾಲಿಯಾಗಿರಬೇಕು, ಅಂದರೆ ನಾಲ್ಕನೇ ಕಣ ತನ್ನ ಮೂರನೇ ಜಿಗಿತ ಮುಗಿಸಿರಬೇಕು. ಎರಡರಲ್ಲಿ ತಡವಾದದ್ದು ಯಾವುದೋ ಅಲ್ಲಿಂದ ಒಂದು ಹೊಸ ಎಕ್ಸ್‌ಪೊನೆನ್ಷಿಯಲ್ ಕಾಯುವಿಕೆ. ಗಡಿಯಾರಕ್ಕೆ ನೆನಪಿಲ್ಲ ಅಂತ ಮೂರನೇ ಹಂತದಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಹಾಗಾಗಿ ಕೋಷ್ಟಕದ ಪ್ರತಿ ಮನೆ = ಮೇಲಿನ ಮನೆ, ಎಡಗಡೆಯ ಮನೆ ಇವೆರಡರಲ್ಲಿ ದೊಡ್ಡದು + ಹೊಸ ಎಕ್ಸ್‌ಪೊನೆನ್ಷಿಯಲ್. ಇಷ್ಟೇ. ಇದಕ್ಕೆ ಲಾಸ್ಟ್ ಪ್ಯಾಸೇಜ್ ಪರ್ಕೊಲೇಶನ್ ಎಂಬ ಹೆಸರಿದೆ. ಎರಡನೇ ಸಾಲು, ಎರಡನೇ ಕಾಲಂನ ಸರಾಸರಿ 1 + 1.5 + 1 = 3.5 ಬರಬೇಕು (ನಡುವಿನ 1.5 ಎರಡು ಎಕ್ಸ್‌ಪೊನೆನ್ಷಿಯಲ್‌ಗಳಲ್ಲಿ ದೊಡ್ಡದರ ಸರಾಸರಿ). ಕೋಡ್ ಬರೆದ ತಕ್ಷಣ ಇದನ್ನು ಪರೀಕ್ಷಿಸಿ. ನಮ್‌ಪೈನಲ್ಲಿ ಸಾಲು ಸಾಲಾಗಿ ಹೋಗಬೇಡಿ. ಸಾಲು ಮತ್ತು ಕಾಲಂ ಸಂಖ್ಯೆಗಳ ಮೊತ್ತ ಒಂದೇ ಇರುವ ಮನೆಗಳು ಒಂದರ ಮೇಲೊಂದು ನಿಂತಿಲ್ಲ, ಅವನ್ನೆಲ್ಲ ಒಂದೇ ಏಟಿಗೆ ತುಂಬಬಹುದು.

ಹತ್ತನೇ ಕಣ ಶುರುವಾಗಿದ್ದು −9ರಲ್ಲಿ. ಅದು ಸೊನ್ನೆಯಿಂದ ಒಂದಕ್ಕೆ ದಾಟುವುದು ಹತ್ತನೇ ಜಿಗಿತದಲ್ಲಿ. ಹಾಗಾಗಿ ಮುಖ್ಯ ಕರ್ಣದ ಮೇಲೆ ಟಿಗಿಂತ ಕಡಿಮೆ ಇರುವ ಸಂಖ್ಯೆಗಳನ್ನು ಎಣಿಸಿದರೆ ಸೊನ್ನೆ ದಾಟಿದ ಕಣಗಳು ಸಿಕ್ಕವು. ಸಮಯ 1000ಕ್ಕೆ 300 × 300 ಕೋಷ್ಟಕ ಸಾಕು. 8000ಕ್ಕೆ 2100 × 2100.

ಈಗ ಎರಡು ಅಳತೆ ಮಾಡಿ. ಮೊದಲನೆಯದು ಎಲ್ಲರಿಗಿಂತ ಮುಂದಿರುವ ಕಣ ಎಲ್ಲಿದೆ ಅನ್ನುವುದು. ಇದಕ್ಕೆ ಮೊದಲ ಕಾಲಂ ಮಾತ್ರ ಉದ್ದ ಮಾಡಿಕೊಂಡರೆ ಆಯಿತು. ಅದನ್ನು ಯಾರೂ ತಡೆಯುವುದಿಲ್ಲ, ಅದು ಒಬ್ಬಂಟಿ. ಎರಡನೆಯದು ಸೊನ್ನೆ ದಾಟಿದವರ ಸಂಖ್ಯೆ. ಟಿಯನ್ನು 125, 1000, 8000 ಅಂತ ಇಟ್ಟುಕೊಳ್ಳಿ. ಘನಮೂಲ 5, 10, 20 ಬರುತ್ತದೆ, ಕಣ್ಣಲ್ಲೇ ಲೆಕ್ಕ ಮಾಡಬಹುದು. ಮೊದಲೆರಡಕ್ಕೆ 1000 ಓಟ, ಕೊನೆಯದಕ್ಕೆ 200 ಓಟ ಸಾಕು.

ಎಲ್ಲರಿಗಿಂತ ಮುಂದಿರುವ ಕಣದ ಸ್ಟ್ಯಾಂಡರ್ಡ್ ಡಿವಿಯೇಷನ್ 11, 32, 89ರ ಹತ್ತಿರ ಬರುತ್ತದೆ. ಹಳೆಯ ವರ್ಗಮೂಲ. ಸೊನ್ನೆ ದಾಟಿದವರದ್ದು ಸುಮಾರು 1.8, 3.6, 7.2. ಸಮಯ ಎಂಟು ಪಟ್ಟಾದಾಗ ಏರಿಳಿತ ಬರೀ ಎರಡು ಪಟ್ಟು. ಅಂದರೆ ಘನಮೂಲ. ಒಂದೇ ಓಟ, ಒಂದೇ ನಿಯಮ. ಒಂಟಿಯಾಗಿ ಓಡುವವನು ಅರ್ಧ ಘಾತ, ಗುಂಪಿನಲ್ಲಿ ಸಿಕ್ಕಿಕೊಂಡವರು ಮೂರನೇ ಒಂದು ಘಾತ. ಹಿಂದಿನವರು ಮುಂದಿನವರಿಗೆ ಕಟ್ಟುಬಿದ್ದಿರುವುದರಿಂದ ಯಾರೂ ತೀರಾ ದೂರ ಹಾರಲಾಗದು.

ಸರಾಸರಿಯನ್ನೂ ನೋಡಿ. ಟಿ/4ಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ: ಸುಮಾರು 0.7 × ಘನಮೂಲದಷ್ಟು. ಸಮಯ 1000ಕ್ಕೆ 250ರ ಬದಲು 257ರ ಆಸುಪಾಸು. ಒಂದರಷ್ಟು ವ್ಯತ್ಯಾಸ ಬಂದರೆ ಗಾಬರಿ ಬೇಡ, ಸಣ್ಣ ಸಮಯದ ಪರಿಣಾಮ. ಹಿಸ್ಟೋಗ್ರಾಂ ಎಳೆದರೆ ಅದು ಗಂಟೆಯಾಕಾರದ ಹಾಗೆ ಕಂಡರೂ ಎರಡು ಕಡೆ ಸಮ ಇರುವುದಿಲ್ಲ. ಅದು ಟ್ರೇಸಿ–ವಿಡಮ್ ಹಂಚಿಕೆ. 1994ರಲ್ಲಿ ಅದು ಬಂದದ್ದು ದೊಡ್ಡ ರ್‍ಯಾಂಡಮ್ ಮ್ಯಾಟ್ರಿಕ್ಸ್‌ಗಳ ಅತಿ ದೊಡ್ಡ ಐಗನ್‌ವ್ಯಾಲ್ಯೂ ಲೆಕ್ಕದಲ್ಲಿ. ಟಾಸೆಪ್‌ಗೂ ಅದೇ ಅಂತ 2000ದಲ್ಲಿ ಕರ್ಟ್ ಯೋಹಾನ್ಸನ್ ಸಾಧಿಸಿದರು. ಮೇಲೆ ಹೇಳಿದ 0.7 ಬರುವುದೂ ಅದರ ಸರಾಸರಿಯಿಂದಲೇ. ಬೆಳೆಯುವ ಅಂಚುಗಳಿಗೆ (ಟಾಸೆಪ್ ಕೂಡ ಇದೇ ಗುಂಪಿನದು) ಮೂರನೇ ಒಂದು ಘಾತ ಬರುತ್ತದೆ ಅಂತ 1986ರಲ್ಲೇ ಭೌತವಿಜ್ಞಾನಿಗಳಾದ ಕಾರ್ಡರ್, ಪಾರಿಸಿ, ಜಾಂಗ್ ಹೇಳಿದ್ದರು. 2010ರಲ್ಲಿ ಜಪಾನಿನ ತಾಕೆಯುಚಿ ಮತ್ತು ಸಾನೊ ಲಿಕ್ವಿಡ್ ಕ್ರಿಸ್ಟಲ್ ಪ್ರಯೋಗದಲ್ಲಿ ಘಾತವನ್ನೂ ಹಂಚಿಕೆಯನ್ನೂ ಅಳೆದು ತೋರಿಸಿದರು.

ಎಂಟನೇ ಹಂತ: ಒಂದು ಸಾಲು ಬದಲಾಯಿಸಿ

ಈಗ ದಾರಿಯಲ್ಲಿ ಒಂದೇ ಕಡೆ, ಸೊನ್ನೆಯಿಂದ ಒಂದಕ್ಕೆ ಹಾರುವ ಜಾಗದಲ್ಲಿ, ಗಡಿಯಾರವನ್ನು ಸ್ವಲ್ಪ ನಿಧಾನ ಮಾಡಿ. ಬೇರೆಲ್ಲ ಕಡೆ ವೇಗ 1, ಇಲ್ಲಿ ಮಾತ್ರ 0.5, ಅಂದರೆ ಸರಾಸರಿ ಕಾಯುವಿಕೆ 1ರ ಬದಲು 2. ಕೋಷ್ಟಕದಲ್ಲಿ ಇದು ಕರ್ಣದ ಮೇಲಿನ ಎಕ್ಸ್‌ಪೊನೆನ್ಷಿಯಲ್‌ಗಳನ್ನು 0.5ರಿಂದ ಭಾಗಿಸುವುದು, ಅಷ್ಟೇ. ಓಡಿಸಿದರೆ ದಾಟುವವರ ಸಂಖ್ಯೆ ಟಿ/4ಕ್ಕಿಂತ ಕಡಿಮೆಯಾದದ್ದು ಎದ್ದು ಕಾಣುತ್ತದೆ.

0.95ಕ್ಕೆ ಇಟ್ಟರೆ? ಇಳಿಕೆ ಇರುತ್ತದೆ. ಆದರೆ ಅದು ಟಿ ಜೊತೆ ಬೆಳೆಯುತ್ತಿದೆಯೋ ಅಥವಾ ಅದರ ಘನಮೂಲದ ಜೊತೆಯೋ ಹೇಳುವುದು ಕಷ್ಟ. ಮೊದಲನೆಯದಾದರೆ ಹರಿವೇ 1/4ಕ್ಕಿಂತ ಇಳಿದಿದೆ. ಎರಡನೆಯದಾದರೆ ಹರಿವು 1/4 ಹಾಗೇ ಇದೆ, ಬರೀ ಏರಿಳಿತದ ಮಟ್ಟದ ವ್ಯತ್ಯಾಸ. ಒಂದೇ ಒಂದು ಜಾಗದ ಎಷ್ಟೇ ಸಣ್ಣ ಅಡಚಣೆಯೂ ಇಡೀ ದಾರಿಯ ಹರಿವನ್ನು ತಗ್ಗಿಸುತ್ತದಾ? ಇದೇ ಸ್ಲೋ ಬಾಂಡ್ ಪ್ರಶ್ನೆ. 1990ರ ದಶಕದಲ್ಲಿ ಯಾನೋವ್ಸ್ಕಿ ಮತ್ತು ಲೆಬೋವಿಟ್ಜ್ ಇದನ್ನು ಎತ್ತಿದರು. ಸಿಮ್ಯುಲೇಶನ್ ನೋಡಿ ಕೆಲವರು ಹೌದು ಎಂದರು, ಕೆಲವರು ಒಂದು ಮಿತಿಯವರೆಗೆ ಏನೂ ಆಗಲ್ಲ ಎಂದರು. 2014ರಲ್ಲಿ ರಿದ್ಧಿಪ್ರತಿಮ್ ಬಸು, ವ್ಲಾದಾಸ್ ಸಿದೊರಾವಿಸಿಯಸ್, ಅಲನ್ ಸ್ಲೈ ಸೇರಿ ಉತ್ತರ ಕೊಟ್ಟರು: ಹೌದು, ಎಷ್ಟೇ ಸಣ್ಣದಾದರೂ ತಗ್ಗಿಸುತ್ತದೆ. ಬಸು ಈಗ ಬೆಂಗಳೂರಿನ ಐಸಿಟಿಎಸ್‌ನಲ್ಲಿದ್ದಾರೆ (ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಥಿಯರೆಟಿಕಲ್ ಸೈನ್ಸಸ್).

ಅವರ ಪ್ರಬಂಧ, ಸಂಶೋಧನಾ ಪ್ರಬಂಧಗಳ ಜಾಲತಾಣವಾದ ಅರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಲು ಹೋಗಬೇಡಿ, ಉದ್ದವಾಗಿದೆ, ಕಷ್ಟವಾಗಿದೆ. ಪೀಠಿಕೆ ಓದಿ, ಪ್ರಮೇಯದ ಹೇಳಿಕೆ ನೋಟ್‌ಬುಕ್‌ಗೆ ಇಳಿಸಿ, ನಿಮ್ಮ ಕೋಷ್ಟಕದಲ್ಲಿ ಅದು ಯಾವ ಸಾಲಿಗೆ ಹೊಂದುತ್ತದೆ ಅಂತ ಗುರುತು ಹಾಕಿ. ನನ್ನ ಪ್ರಕಾರ ಪ್ರಬಂಧ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ: ಕೋಡ್ ಮೊದಲು, ಹೇಳಿಕೆ ಆಮೇಲೆ, ಸಾಧನೆ ಕೊನೆಗೆ.

ಒಂಬತ್ತನೇ ಹಂತ: ಪಕ್ಕದ ಓಣಿಗಳು

ಟಾಸೆಪ್ ಒಂದೇ ಮಾದರಿ ಅಲ್ಲ. ವೋಟರ್ ಮಾಡೆಲ್‌ನಲ್ಲಿ ಪ್ರತಿ ಮನೆಗೂ ಒಂದು ಅಭಿಪ್ರಾಯ, ಅಲಾರಂ ಹೊಡೆದಾಗ ಪಕ್ಕದವರಲ್ಲಿ ಒಬ್ಬರ ಅಭಿಪ್ರಾಯ ನಕಲು. 1970ರ ದಶಕದಲ್ಲಿ ಕ್ಲಿಫರ್ಡ್ ಮತ್ತು ಸಡ್ಬರಿ, ಹಾಗೇ ಹಾಲಿ ಮತ್ತು ಲಿಗೆಟ್ ಇದನ್ನು ತಂದರು. ಈ ಅಭಿಪ್ರಾಯ ಯಾರಿಂದ ಬಂತು, ಅವರಿಗೆ ಯಾರಿಂದ ಅಂತ ಹಿಂದಕ್ಕೆ ಹೋಗುತ್ತಾ ಇದ್ದರೆ ಸಿಗುವುದು ರ್‍ಯಾಂಡಮ್ ವಾಕ್. ಎರಡು ಮನೆಗಳ ವಾಕ್‌ಗಳು ಎಲ್ಲೋ ಸೇರಿದರೆ ಇಬ್ಬರದೂ ಒಂದೇ ಅಭಿಪ್ರಾಯ. ಸೇರುತ್ತವಾ ಅನ್ನುವುದು ಪೋಲ್ಯಾ ಪ್ರಶ್ನೆಯೇ. ಹಾಗಾಗಿ ಒಂದು, ಎರಡು ಆಯಾಮದಲ್ಲಿ ಎಲ್ಲರೂ ಒಮ್ಮತಕ್ಕೆ ಹೋಗುತ್ತಾರೆ, ಮೂರರಲ್ಲಿ ಭಿನ್ನಮತ ಉಳಿಯುತ್ತದೆ.

1974ರಲ್ಲಿ ಟಿ.ಇ. ಹ್ಯಾರಿಸ್ ಕೊಟ್ಟ ಕಾಂಟ್ಯಾಕ್ಟ್ ಪ್ರೊಸೆಸ್ ಸೋಂಕು ಹರಡುವ ಮಾದರಿ. ಪ್ರತಿ ಸೋಂಕಿತ 1ರ ವೇಗದಲ್ಲಿ ಗುಣವಾಗುತ್ತಾನೆ, ಪ್ರತಿ ಪಕ್ಕದವರಿಗೂ ಒಂದು ನಿಗದಿತ ವೇಗದಲ್ಲಿ ಹರಡುತ್ತಾನೆ. ಗೆರೆಯ ಮೇಲೆ ಆ ವೇಗ ಸುಮಾರು 1.649 ದಾಟಿದರೆ ಮಾತ್ರ ಸೋಂಕು ಉಳಿಯಬಲ್ಲದು. ಇದು ಕಂಪ್ಯೂಟರ್ ಲೆಕ್ಕದ ಸಂಖ್ಯೆ, ನಿಖರ ಸೂತ್ರ ಇಲ್ಲ. ಸರಿಯಾಗಿ ಆ ಗಡಿಯಲ್ಲೇ ಇದ್ದರೆ ಸೋಂಕು ಸತ್ತೇ ಹೋಗುತ್ತದೆ ಅಂತ 1990ರಲ್ಲಿ ಬೆಜೌಡೆನ್‌ಹೌಟ್ ಮತ್ತು ಗ್ರಿಮ್ಮೆಟ್ ಸಾಧಿಸಿದರು.

ಇಷ್ಟು ಮಾಡಿದವರು ಈಗ ಮೆಷರ್ ಥಿಯರಿ, ಮಾರ್ಟಿಂಗೇಲ್, ಮಾರ್ಕೊವ್ ಪ್ರೊಸೆಸ್ ಈ ಕ್ರಮದಲ್ಲಿ ಓದಲು ಕೂರಬಹುದು. ಓದುವಾಗ ಪ್ರತಿ ವ್ಯಾಖ್ಯೆಯನ್ನೂ ನಾಲ್ಕು ಮನೆಯ ವೃತ್ತದ ಮೇಲೆ ಹಾಕಿ ನೋಡಿ. ಬೆಂಗಳೂರಿನಲ್ಲಿ ಇರುವವರಿಗೆ ಅನುಕೂಲ ಜಾಸ್ತಿ: ಐಐಎಸ್ಸಿ ಗಣಿತ ವಿಭಾಗ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ, ಐಸಿಟಿಎಸ್ ಮೂರರಲ್ಲೂ ಸಂಭವನೀಯತೆಯ ಮೇಲೆ ಕೆಲಸ ಮಾಡುವವರಿದ್ದಾರೆ. ಐಸಿಟಿಎಸ್ ತನ್ನ ಕಾರ್ಯಕ್ರಮಗಳ ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತದೆ, ಊರಲ್ಲಿ ಕೂತೇ ನೋಡಬಹುದು. ಪ್ರಾಧ್ಯಾಪಕರಿಗೆ ಮೇಲ್ ಬರೆಯುವುದಾದರೆ "ನನಗೆ ಪ್ರಾಬಬಿಲಿಟಿ ತುಂಬಾ ಇಷ್ಟ" ಅಂತ ಬರೆಯಬೇಡಿ. ಸ್ಲೋ ಬಾಂಡ್ ಕೋಷ್ಟಕವನ್ನು 0.5, 0.7, 0.9ಕ್ಕೆ ಓಡಿಸಿ, ಬಂದ ಹರಿವಿನ ಗ್ರಾಫ್ ಒಂದೇ ಪುಟದಲ್ಲಿ ಹಾಕಿ, ಎಷ್ಟು ಓಟ ಮಾಡಿದಿರಿ, ಯಾವ ಸೀಡ್ ಬಳಸಿದಿರಿ ಅಂತ ಕೆಳಗೆ ಬರೆದು, ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ ಕಳಿಸಿ.